ಇವಿ (ಎಲೆಕ್ಟ್ರಿಕ್ ಕಾರು) ಸರ್ವಿಸ್‌ಗೆ ಬಿಟ್ಟಾಗ ಬದಲಿ ಕಾರು ತಗೊಳ್ಳೋದಾ, ಆಟೋ ಹತ್ತೋದಾ?

ಮಂಡ್ಯದಿಂದ ಭಾವ ಫೋನ್ ಮಾಡಿದ್ದರು. "ಲೋ, ಬ್ಯಾಟರಿದು ಏನೋ ಲೈಟ್ ಬಂದದೆ ಕಣೋ. ಮೈಸೂರಿಗೆ ತಂದು ಬಿಡಿ, ಹತ್ತು ದಿನ ಆಗ್ಬೋದು ಅಂತಾವ್ರೆ. ಅಲ್ಲೀಗಂಟ ಪೆಟ್ರೋಲ್ ಕಾರ್ ಒಂದು ಕೊಡ್ತೀವಿ ಅಂತಾವ್ರೆ. ತಗೊಳದಾ, ಬ್ಯಾಡ್ವಾ?"

ಅದೇ ವಾರ ಮೈಸೂರಿನ ವಿಜಯನಗರದಲ್ಲಿ ನಮ್ಮ ಪಕ್ಕದ ಮನೆಯವರೂ ಹೆಚ್ಚೂಕಮ್ಮಿ ಇದೇ ಪ್ರಶ್ನೆ ಕೇಳಿದರು. ಅವರದ್ದು ಮಾಮೂಲಿ ಸರ್ವಿಸ್. ಬೆಳಿಗ್ಗೆ ಬಿಟ್ಟರೆ ಸಂಜೆ ಕೈಗೆ ಬರುವ ಕೆಲಸ. ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದರೆ ಒಬ್ಬರು ಖಂಡಿತ ನನ್ನನ್ನು ಬೈದುಕೊಳ್ಳುತ್ತಿದ್ದರು. ಭಾವನಿಗೆ "ತಗೊಳ್ಳಿ" ಅಂದೆ. ಪಕ್ಕದ ಮನೆಯವರಿಗೆ "ಬೇಡ ಬಿಡಿ, ಸುಮ್ನೆ ತಲೆನೋವು" ಅಂದೆ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಸರ್ವಿಸ್ ಸೆಂಟರ್‌ನವರು ಇದನ್ನು ಕರ್ಟಸಿ ಕಾರ್ ಅಂತಲೋ ಸ್ಟ್ಯಾಂಡ್‌ಬೈ ಗಾಡಿ ಅಂತಲೋ ಕರೆಯುತ್ತಾರೆ. ನಾನು ಬದಲಿ ಕಾರು ಅಂತೀನಿ. ಒಂದು ವಿಷಯ ಮೊದಲೇ ತಿಳಿದಿರಲಿ. ನಮ್ಮಲ್ಲಿ ಇದು ಸಾಮಾನ್ಯವಾಗಿ ಹಕ್ಕಲ್ಲ, ಅವರು ತೋರಿಸುವ ಸೌಜನ್ಯ. ಕಾರು ಕೊಳ್ಳುವಾಗ ಕೊಟ್ಟ ಕಾಗದದಲ್ಲಿ ಬರೆದಿದ್ದರೆ ಮಾತ್ರ ಗಟ್ಟಿಯಾಗಿ ಕೇಳಬಹುದು. ಇನ್ನೂ ಕಾರು ಬುಕ್ ಮಾಡದವರು ಸೀಟ್ ಕವರ್, ಮ್ಯಾಟ್ ಫ್ರೀ ಕೇಳುವ ಬದಲು ಇದನ್ನು ಬರೆಸಿಕೊಳ್ಳಿ.

ಮೊದಲು ಇಷ್ಟು ಕೇಳಿಕೊಳ್ಳಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಕಾರು ಎಷ್ಟು ದಿನ ಅಲ್ಲಿರುತ್ತದೆ?

ಇವಿಯ ಮಾಮೂಲಿ ಸರ್ವಿಸ್ ಚಿಕ್ಕದು. ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಬ್ರೇಕ್, ಟೈರ್, ಸಸ್ಪೆನ್ಷನ್, ಕೂಲಂಟ್, ಎಸಿ ಫಿಲ್ಟರ್, 12 ವೋಲ್ಟ್‌ನ ಚಿಕ್ಕ ಬ್ಯಾಟರಿ ನೋಡುತ್ತಾರೆ. ಸಾಫ್ಟ್‌ವೇರ್ ಹಾಕುತ್ತಾರೆ, ತೊಳೆದು ಕೊಡುತ್ತಾರೆ. ಅರ್ಧ ದಿನ, ಹೆಚ್ಚೆಂದರೆ ಒಂದು ದಿನ.

ದೊಡ್ಡ ಬ್ಯಾಟರಿಗೋ ಮೋಟಾರಿಗೋ ಕೈ ಹಾಕಬೇಕಾದಾಗ ಕತೆ ಬೇರೆ. ತರಬೇತಿ ಪಡೆದವರೇ ಮುಟ್ಟಬೇಕು. ಸಂಪರ್ಕ ಕಡಿದು, ಒಳಗೆ ಉಳಿದ ಚಾರ್ಜ್ ಇಳಿಯುವವರೆಗೆ ಕಾದು, ಶಾಕ್ ಹೊಡೆಯದ ಗ್ಲೌಸ್ ಹಾಕಿಕೊಂಡು ಕೆಲಸ ಶುರು ಮಾಡಬೇಕು. ಬ್ಯಾಟರಿ ಪ್ಯಾಕ್ ಅಂದರೆ ಕಾರಿನ ಹೊಟ್ಟೆಯಡಿ ನೂರಾರು ಕಿಲೋ ತೂಕದ ಪೆಟ್ಟಿಗೆ, ಅದನ್ನು ಇಳಿಸಲು ಲಿಫ್ಟ್ ಬೇಕು. ವಾರಂಟಿ ಕೆಲಸವಾದರೆ ಕಂಪನಿಗೆ ರಿಪೋರ್ಟ್ ಹೋಗಬೇಕು, ಅಲ್ಲಿಂದ ಒಪ್ಪಿಗೆ ಬರಬೇಕು, ಪಾರ್ಟ್ ಬರಬೇಕು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಅನೇಕ ಕಾರುಗಳಿಗೆ ಇದೆ. ಹಾಗಾಗಿ ದುಡ್ಡಿನ ಚಿಂತೆ ಕಡಿಮೆ. ಕಾಯುವ ಚಿಂತೆ ಜಾಸ್ತಿ.

"ಎಷ್ಟು ದಿನ ಆಗುತ್ತೆ" ಅಂತ ಕೇಳಿದರೆ "ಬೇಗ ಆಗುತ್ತೆ ಸಾರ್" ಅನ್ನುತ್ತಾರೆ. ಹಾಗೆ ಕೇಳಬೇಡಿ. "ಪಾರ್ಟ್ ಸ್ಟಾಕ್‌ನಲ್ಲಿ ಇದೆಯಾ, ಹೊರಗಿಂದ ಬರಬೇಕಾ?" ಅಂತ ಕೇಳಿ. ಹೊರಗಿಂದ ಬರಬೇಕು ಅಂದರೆ ಅವರು ಹೇಳಿದ ದಿನಕ್ಕೆ ಇನ್ನೊಂದಷ್ಟು ಸೇರಿಸಿಕೊಂಡೇ ಯೋಚನೆ ಮಾಡಿ.

ಎರಡನೆಯದು, ದಿನಕ್ಕೆ ಎಷ್ಟು ದೂರ ಓಡಾಟ. ಕುವೆಂಪುನಗರದಿಂದ ಸರಸ್ವತಿಪುರಂಗೆ ಹೋಗಿಬರುವವರಿಗೂ ಮಂಡ್ಯದಿಂದ ದಿನಾ ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ಬರುವ ನಮ್ಮ ಭಾವನಿಗೂ ಲೆಕ್ಕ ಒಂದೇ ಆಗಲ್ಲ. ಮೂರನೆಯದು, ಮನೆಯಲ್ಲಿ ಇನ್ನೊಂದು ಗಾಡಿ ಇದೆಯಾ, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇದೆಯಾ. ಕೊನೆಯದನ್ನು ಯಾರೂ ಕೇಳಿಕೊಳ್ಳಲ್ಲ: ಬೇರೆಯವರ ಗಾಡಿಗೆ ಗೀರು ಬಿದ್ದರೆ ಯಾರ ಜೇಬಿಗೆ ಕತ್ತರಿ?

ಬದಲಿ ಕಾರು: ಫ್ರೀ ಅನ್ನೋದು ಎಷ್ಟು ಫ್ರೀ?

ನನ್ನದೇ ಅನುಭವ ಹೇಳ್ತೀನಿ. ನನ್ನ ಕಾರಿನ ಚಾರ್ಜಿಂಗ್ ಪೋರ್ಟ್ ಕೈಕೊಟ್ಟು ಆರು ದಿನ ಒಳಗಿತ್ತು. ಬದಲಿಗೆ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಕೊಟ್ಟರು. ಗೇರ್ ನಾಬ್‌ನ ಮೇಲಿನ ತೊಗಲು ಸಿಪ್ಪೆ ಎದ್ದಿತ್ತು, ಡ್ಯಾಶ್‌ಬೋರ್ಡ್ ಮೇಲೆ ಯಾರದ್ದೋ ಒಣಗಿದ ಮಲ್ಲಿಗೆ. ಪೆಟ್ರೋಲ್ ಮುಳ್ಳು ಕೆಂಪು ಗೆರೆಯ ಮೇಲೆ. ವರ್ಷದಿಂದ ಕ್ಲಚ್ ತುಳಿಯದ ಕಾಲು ನನ್ನದು. ಮೊದಲ ಸಿಗ್ನಲ್‌ನಲ್ಲೇ ಗಾಡಿ ಗಕ್ ಅಂತ ನಿಂತಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಮನೆಗೆ ಬಂದಾಗ ಅಮ್ಮ, "ಇದ್ಯಾಕೋ ನಿಂತಲ್ಲೇ ಗುರ್ ಅಂತಿದೆ?" ಅಂದರು. ಇವಿ ಬರುವ ಮುಂಚೆ ಅಷ್ಟೂ ಕಾಲ ಪೆಟ್ರೋಲ್ ಕಾರಿನಲ್ಲೇ ಓಡಾಡಿದ್ದವರು ನಾವು!

ವಾಪಸ್ ಕೊಡುವಾಗ ಹಿಂದಿನ ಬಂಪರ್‌ನ ಗೀರು ತೋರಿಸಿ 3,500 ರೂಪಾಯಿ ಕೇಳಿದರು. ತಗೊಂಡ ದಿನ ಕಾರಿನ ಸುತ್ತ ಒಂದು ಸುತ್ತು ಬಂದು ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದೆ. ಅದರಲ್ಲಿ ಆ ಗೀರು ಚೆನ್ನಾಗಿ ಕಾಣುತ್ತಿತ್ತು. ಮಾತು ಅಲ್ಲಿಗೆ ಮುಗಿಯಿತು. ವಿಡಿಯೋ ಇಲ್ಲದಿದ್ದರೆ ದುಡ್ಡು ಕೊಟ್ಟು ಬರುತ್ತಿದ್ದೆ. ಹಾಗಾಗಿ ನಾಲ್ಕೂ ಬದಿ, ಚಕ್ರದ ರಿಮ್, ಒಳಗಿನ ಸೀಟು, ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳು ಒಂದೇ ವಿಡಿಯೋದಲ್ಲಿ ಬರಲಿ. ಅವರ ಹುಡುಗ ಪಕ್ಕದಲ್ಲಿ ನಿಂತಿರುವಾಗಲೇ ಮಾಡಿ.

ಈಗ ದುಡ್ಡಿನ ಲೆಕ್ಕ. ಭಾವ ದಿನಕ್ಕೆ ಸುಮಾರು 90 ಕಿಲೋಮೀಟರ್ ಓಡಿಸುತ್ತಾರೆ. ಇವಿ ಒಂದು ಯೂನಿಟ್‌ಗೆ 7 ಕಿಲೋಮೀಟರ್, ಮನೆಯ ಕರೆಂಟು ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡರೆ ದಿನಕ್ಕೆ 90 ರೂಪಾಯಿ. ಪೆಟ್ರೋಲ್ ಕಾರು ಲೀಟರ್‌ಗೆ 15 ಕಿಲೋಮೀಟರ್ ಕೊಟ್ಟು, ಲೀಟರ್ 103 ರೂಪಾಯಿ ಆದರೆ ದಿನಕ್ಕೆ 618. ಹತ್ತು ದಿನಕ್ಕೆ 900 ಎಲ್ಲಿ, 6,180 ಎಲ್ಲಿ! ಫ್ರೀ ಕಾರಿಗೆ ಐದು ಸಾವಿರ ಚಿಲ್ಲರೆ ಜಾಸ್ತಿ ಬಿತ್ತು. ನಗರದೊಳಗೆ ದಿನಕ್ಕೆ 15 ಕಿಲೋಮೀಟರ್ ಓಡಿಸುವವರಿಗೆ ಇದು ದಿನಕ್ಕೆ 90 ರೂಪಾಯಿಯ ಮಾತು, ಅಷ್ಟೇನೂ ನೋಯಲ್ಲ.

ಮಂಡ್ಯದವರಿಗೆ ಟೋಲ್ ಒಂದಿದೆ. ಮಂಡ್ಯ ಮೈಸೂರು ನಡುವೆ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರು ಟೋಲ್ ಬರುತ್ತದೆ. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿಕೊಂಡಿದ್ದರೆ ಅದು ನಿಮ್ಮ ಕಾರಿಗೆ ಮಾತ್ರ. ಬದಲಿ ಕಾರಿಗೆ ನಡೆಯಲ್ಲ. ಆ ಕಾರಿನ ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡಿದೆಯಾ, ಯಾರು ಹಾಕಬೇಕು ಅಂತ ಮೊದಲೇ ಕೇಳಿ. ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐನಲ್ಲಿ ಒಂದೂಕಾಲು ಪಟ್ಟು ಕಟ್ಟಬೇಕಾಗುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲಿ 100ರ ಮಿತಿ ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಮೆಸೇಜು ಶೋರೂಮ್‌ಗೆ ಹೋಗುತ್ತದೆ, ನೀವು ಮರೆತ ಮೇಲೆ ನಿಮಗೆ ಫೋನ್ ಬರುತ್ತದೆ.

ನಂಬರ್ ಪ್ಲೇಟ್ ನೋಡಿ. ಕೆಂಪು ಪ್ಲೇಟ್ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಡೀಲರ್‌ನ ಟ್ರೇಡ್ ಸರ್ಟಿಫಿಕೇಟ್ ಗಾಡಿ. ಗಾಡಿ ಸಾಗಿಸೋದು, ಪರೀಕ್ಷೆ ಮಾಡೋದು, ಗಿರಾಕಿಗೆ ಓಡಿಸಿ ತೋರಿಸೋದು, ಇಂಥದ್ದಕ್ಕೆ ಮಾತ್ರ ಅದು. ಹತ್ತು ದಿನ ನೀವು ಆಫೀಸಿಗೆ ಓಡಿಸಲು ಅಲ್ಲ. ಎಷ್ಟೇ ಹೊಸ ಕಾರಾದರೂ ಬೇಡ ಅನ್ನಿ. ಸರಿಯಾಗಿ ನೋಂದಣಿಯಾದ ಕಾರೇ ಬೇಕು. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಮೊಬೈಲ್‌ಗೆ ಹಾಕಿಸಿಕೊಳ್ಳಿ. ಹೊಗೆ ಸರ್ಟಿಫಿಕೇಟ್ ಅನ್ನೋದೇ ಇವಿಯವರಿಗೆ ಮರೆತುಹೋಗಿರುತ್ತದೆ ಅಲ್ವಾ?

ಇನ್ಶೂರೆನ್ಸ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಿಮ್ಮ ಪಾಲಿಸಿಯ ಜೊತೆ ಇರುವ 15 ಲಕ್ಷದ ಅಪಘಾತ ವಿಮೆ ಕಾರಿನ ಮಾಲೀಕರ ಹೆಸರಿನದು. ಶೋರೂಮ್ ಕಾರಿನ ಮಾಲೀಕರು ನೀವಲ್ಲ. ಹಾಗಾಗಿ ಆ ಕಾರಿನ ಪಾಲಿಸಿಯಲ್ಲಿ ಮಾಲೀಕರಿಗೆ ಸಿಗುವ ವಿಮೆ ನಿಮಗೆ ಸಿಗಲ್ಲ. ನಿಮ್ಮದೇ ಬೇರೆ ಅಪಘಾತ ವಿಮೆ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ದಿನಾ ಹೈವೇ ಹತ್ತುವವರು ಇದನ್ನು ಯೋಚಿಸಲೇಬೇಕು. ಕಾರಿಗೆ ಪೆಟ್ಟು ಬಿದ್ದು ಕ್ಲೇಮ್ ಆದರೆ ಮಾಲೀಕರು ಭರಿಸಬೇಕಾದ ಮೊತ್ತ ಒಂದಿಷ್ಟು ಇದ್ದೇ ಇರುತ್ತದೆ. ಅದನ್ನು ನಿಮ್ಮಿಂದ ಕೇಳುತ್ತಾರಾ, ಎಷ್ಟರವರೆಗೆ ಕೇಳುತ್ತಾರೆ? ಸಹಿ ಹಾಕುವ ಕಾಗದದಲ್ಲಿ ಆ ಸಾಲು ಹುಡುಕಿ. ಸಣ್ಣ ಅಕ್ಷರದಲ್ಲಿರುತ್ತದೆ.

"ನೋಂದಣಿಯಾದ ಡೆಮೊ ಇವಿ ಯಾವುದಾದರೂ ಖಾಲಿ ಇದೆಯಾ?" ಅಂತ ಒಂದು ಮಾತು ಕೇಳಿ ನೋಡಿ. ಕೊಟ್ಟರೆ ಪೆಟ್ರೋಲ್ ಖರ್ಚೂ ಇಲ್ಲ, ಕ್ಲಚ್ ಕಾಟವೂ ಇಲ್ಲ. ಮನೆಯ ಚಾರ್ಜರ್‌ನ ಟೈಪ್ 2 ಗನ್ (ಕಾರಿಗೆ ಚುಚ್ಚುವ ತುದಿ) ಸಾಮಾನ್ಯವಾಗಿ ಬೇರೆ ಕಂಪನಿ ಕಾರಿಗೂ ಕೂರುತ್ತದೆ. 15 ಆಂಪಿಯರ್ ಪ್ಲಗ್‌ಗೆ ಹಾಕುವ ವೈರ್‌ನಿಂದ ಚಾರ್ಜ್ ಮಾಡುವವರು ಒಂದು ಜಾಗ್ರತೆ ವಹಿಸಿ. ಆ ವೈರನ್ನು ನಿಮ್ಮ ಕಾರಿನ ಡಿಕ್ಕಿಯಲ್ಲೇ ಬಿಟ್ಟು ಸರ್ವಿಸ್‌ಗೆ ಕಳಿಸಬೇಡಿ. ಬದಲಿ ಇವಿ ಬಂತು, ವೈರ್ ಗ್ಯಾರೇಜಿನಲ್ಲಿ ಉಳಿಯಿತು ಅಂದರೆ ಸಿಕ್ಕಸಿಕ್ಕ ಸ್ಟೇಷನ್‌ನಲ್ಲಿ ಮನೆಗಿಂತ ಎರಡು ಮೂರು ಪಟ್ಟು ರೇಟು ಕೊಟ್ಟು ಚಾರ್ಜ್ ಮಾಡಬೇಕು.

ಬಾಡಿಗೆಗೆ ಕಾರು ತಗೊಂಡು ನಾವೇ ಓಡಿಸೋದು

ಮೈಸೂರಿನಲ್ಲಿ ಸೆಲ್ಫ್ ಡ್ರೈವ್ ಕಾರುಗಳು ಸಿಗುತ್ತವೆ. ಇಷ್ಟವಾದ ಕಾರು ಆರಿಸಬಹುದು, ಆಟೋಮ್ಯಾಟಿಕ್ ಬೇಕು ಅಂದರೂ ಸಿಗಬಹುದು. ಯಾರ ಸೌಜನ್ಯಕ್ಕೂ ಕಾಯಬೇಕಿಲ್ಲ. ಆದರೆ ದಿನಕ್ಕೆ 2,000 ರೂಪಾಯಿ ಅಂತ ಹಿಡಿದರೂ ಹತ್ತು ದಿನಕ್ಕೆ 20,000, ಪೆಟ್ರೋಲ್ ಬೇರೆ, ಡಿಪಾಸಿಟ್ ಬೇರೆ. ಎಷ್ಟೋ ಕಡೆ ಕಿಲೋಮೀಟರ್‌ಗೂ ಮಿತಿ. ಹತ್ತೂ ದಿನಕ್ಕೆ ಇದನ್ನು ತಗೊಳ್ಳುವುದು ನನಗಂತೂ ಸರಿ ಕಾಣಲ್ಲ. ಹತ್ತು ದಿನದ ನಡುವೆ ಮದುವೆಗೋ ದೇವಸ್ಥಾನಕ್ಕೋ ಹೋಗಬೇಕಾದ ಒಂದೆರಡು ದಿನಕ್ಕೆ ಸರಿ.

ಇಲ್ಲೂ ಪ್ಲೇಟ್ ನೋಡಿ. ಬಾಡಿಗೆಗೆ ಓಡಿಸಲು ಕೊಡುವ ಕಾರಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರುತ್ತದೆ. "ನಮ್ಮ ಸ್ನೇಹಿತರದ್ದು, ಕಮ್ಮಿಗೆ ಕೊಡ್ತಾರೆ" ಅಂತ ಬಿಳಿ ಪ್ಲೇಟ್ ಕಾರು ಬಾಡಿಗೆಗೆ ತಂದರೆ ಅಪಘಾತವಾದಾಗ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಉಳಿಸಿದ ಐನೂರು ರೂಪಾಯಿ ಆಗ ಯಾವ ಮೂಲೆಗೂ ಸಾಲದು.

ದಸರಾ ಹತ್ತಿರ ಬಂದಾಗ ಈ ದಾರಿ ಬಹುತೇಕ ಮುಚ್ಚಿದಂತೆಯೇ. ಕಾರುಗಳನ್ನೆಲ್ಲ ಪ್ರವಾಸಿಗರು ಹಿಡಿದಿರುತ್ತಾರೆ. ಅಷ್ಟೇ ಅಲ್ಲ, ಆಯುಧ ಪೂಜೆಯ ಮುಂಚಿನ ವಾರ ಸರ್ವಿಸ್‌ಗೇ ಬಿಡಬೇಡಿ. ಊರಿನ ಅರ್ಧ ಗಾಡಿಗಳು ವಾಷಿಂಗ್‌ಗೆ ಸಾಲು ನಿಂತಿರುತ್ತವೆ.

ಆಟೋ, ಟ್ಯಾಕ್ಸಿ, ಬಸ್ಸು, ರೈಲು

ಒಂದು ದಿನದ ಸರ್ವಿಸ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬದಲಿ ಕಾರು ತಗೊಳ್ಳಲು ಕಾಗದ, ಸಹಿ, ವಿಡಿಯೋ ಅಂತ ಅರ್ಧ ಗಂಟೆ. ವಾಪಸ್ ಕೊಡುವಾಗ ಇನ್ನರ್ಧ ಗಂಟೆ. ಅಷ್ಟರಲ್ಲಿ ಆಟೋದಲ್ಲಿ ಮನೆ ಸೇರಿ ಕಾಫಿ ಕುಡಿದಿರಬಹುದು. ಮೈಸೂರೇನು ಬೆಂಗಳೂರಲ್ಲ, ರಿಂಗ್ ರೋಡಿನ ಒಳಗೆ ಯಾವ ಮೂಲೆಯೂ ಅಷ್ಟು ದೂರವಿಲ್ಲ. ಇದಕ್ಕಿಂತ ಸುಲಭ ಅಂದರೆ ಪಿಕಪ್ ಮತ್ತು ಡ್ರಾಪ್: ಅವರ ಡ್ರೈವರ್ ಮನೆಗೆ ಬಂದು ಕಾರು ಒಯ್ದು ಸಂಜೆ ತಂದು ಬಿಡುತ್ತಾನೆ. ಕೀ ಕೊಡುವ ಮುಂಚೆ ಕಿಲೋಮೀಟರ್ ಮತ್ತು ಬ್ಯಾಟರಿ ಎಷ್ಟು ಪರ್ಸೆಂಟ್ ಅನ್ನೋದರ ಫೋಟೋ ತೆಗೆದಿಡಿ, ಸಾಕು.

ಮಹಿಳೆಯರಿಗೆ ಇನ್ನೊಂದು ಅನುಕೂಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸಿಟಿ ಬಸ್ಸಿಗೂ ಮಂಡ್ಯ ಮೈಸೂರಿನ ಸಾಮಾನ್ಯ ಬಸ್ಸಿಗೂ ಟಿಕೆಟ್ ದುಡ್ಡಿಲ್ಲ. ನಮ್ಮ ಅಕ್ಕ ಅಂತೂ "ಕಾರು ಗ್ಯಾರೇಜಲ್ಲೇ ಇರ್ಲಿ ಬಿಡು, ನನಗೆ ಖರ್ಚೇ ಇಲ್ಲ" ಅಂತ ಭಾವನನ್ನು ಕಿಚಾಯಿಸುತ್ತಿದ್ದಳು.

ಮಂಡ್ಯದಿಂದ ಮೈಸೂರಿಗೆ ದಿನಾ ಬರುವವರಿಗೆ ರೈಲು ಅಗ್ಗ. ಹತ್ತು ದಿನದ ಮೇಲೆ ಎಳೆಯುವ ಸೂಚನೆ ಇದ್ದರೆ ತಿಂಗಳ ಪಾಸ್ ಮಾಡಿಸಿದರೂ ನಷ್ಟವಿಲ್ಲ. ತೊಡಕು ಇರೋದು ಕೊನೆಯ ಆರೇಳು ಕಿಲೋಮೀಟರ್‌ನಲ್ಲಿ. ಸ್ಟೇಷನ್‌ನಿಂದ ಹೆಬ್ಬಾಳಕ್ಕೋ ಹೂಟಗಳ್ಳಿಗೋ ಮತ್ತೊಂದು ಗಾಡಿ ಹಿಡಿಯಬೇಕು. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಬರುವವರಿಗೆ ರೈಲಿನ ಟೈಮಿಂಗ್ ಕೂಡಿಬರೋದು ಕಷ್ಟ. ಟ್ಯಾಕ್ಸಿಯಲ್ಲಿ ದಿನಾ 90 ಕಿಲೋಮೀಟರ್ ಅಂದರೆ ಬಾಡಿಗೆ ಕಾರೇ ವಾಸಿ. "ಮನೆಯಲ್ಲಿ ಸ್ಕೂಟರ್ ಇದೆಯಲ್ಲ" ಅನ್ನಬಹುದು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ. ಸರ್ವಿಸ್ ರೋಡಿನಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬರಬೇಕು. ಒಂದು ದಿನ ಆದೀತು, ಹತ್ತು ದಿನ ಬೆನ್ನು ತಡೆಯಲ್ಲ.

ಕಾರು ಬಿಡದೇ ಕೆಲಸ ಆಗುತ್ತದಾ?

ಸಾಫ್ಟ್‌ವೇರ್ ತೊಂದರೆಗಳು ಕೆಲವು ಕಾರುಗಳಲ್ಲಿ ಇಂಟರ್‌ನೆಟ್ ಮೂಲಕವೇ ಸರಿಹೋಗುತ್ತವೆ. ಫಿಲ್ಟರ್ ಬದಲಿಸೋದು, ಬ್ರೇಕ್ ನೋಡೋದು ಇಂಥ ಕೆಲಸಕ್ಕೆ ಮನೆ ಬಾಗಿಲಿಗೇ ಬರುವ ಸರ್ವಿಸ್ ವ್ಯಾನ್ ಇದೆಯಾ ಕೇಳಿ. ಎಂಜಿನ್ ಆಯಿಲ್ ಇಳಿಸುವ ಗಲೀಜು ಇಲ್ಲದ್ದರಿಂದ ಇವಿಗೆ ಇದು ಚೆನ್ನಾಗಿ ಹೊಂದುತ್ತದೆ.

ಕಾರು ದಾರಿಯಲ್ಲೇ ನಿಂತರೆ ಸಾಮಾನ್ಯ ಟೋಯಿಂಗ್‌ನವರಿಗೆ ಎಳೆಯಲು ಬಿಡಬೇಡಿ. ಮೋಟಾರಿಗೆ ಸೇರಿದ ಚಕ್ರ ರಸ್ತೆ ಮೇಲೆ ಉರುಳಿದರೆ ಮೋಟಾರ್ ಕರೆಂಟು ಹುಟ್ಟಿಸುತ್ತದೆ, ಹಾಳಾಗುವ ಅಪಾಯವಿದೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿಯೇ ಬರಲಿ. ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ ಆ ದಿನ ಮನೆಗೆ ಹೋಗಲು ಟ್ಯಾಕ್ಸಿ ಸೇರಿರುವುದೂ ಉಂಟು, ಕಾಗದ ತೆಗೆದು ನೋಡಿ. ಇನ್ಶೂರೆನ್ಸ್‌ನಲ್ಲಿ ದಿನಭತ್ಯೆ ಅಂತ ಒಂದು ಹೆಚ್ಚುವರಿ ಇರುತ್ತದೆ. ಕಾರು ಗ್ಯಾರೇಜಿನಲ್ಲಿರುವ ದಿನಗಳಿಗೆ ಇಷ್ಟಿಷ್ಟು ಅಂತ ಕೊಡುತ್ತಾರೆ. ಆದರೆ ಅಪಘಾತದ ಕ್ಲೇಮ್‌ಗೆ ಮಾತ್ರ. ಸರ್ವಿಸ್‌ಗೂ ಬ್ಯಾಟರಿ ಕೆಟ್ಟಿದ್ದಕ್ಕೂ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ಒಂದು ದಿನದ ಕೆಲಸ, ಮೈಸೂರಿನೊಳಗೇ ಓಡಾಟ: ಬದಲಿ ಕಾರು ಬೇಡ. ಪಿಕಪ್ ಕೇಳಿ, ಆಟೋದಲ್ಲಿ ಓಡಾಡಿ.

ಎರಡು ಮೂರು ದಿನದ ಕೆಲಸ ಎಡವಟ್ಟಿನದು. ಮನೆಯಲ್ಲಿ ಸ್ಕೂಟರ್ ಇದ್ದರೆ ಅದರಲ್ಲೇ ದಿನ ತಳ್ಳಿಬಿಡಿ. ಡಯಾಲಿಸಿಸ್‌ಗೋ ಫಿಸಿಯೋಥೆರಪಿಗೋ ಯಾರನ್ನಾದರೂ ಕರೆದೊಯ್ಯಬೇಕಿದ್ದರೂ ಟ್ಯಾಕ್ಸಿ ಮೇಲು ಅಂತ ನಾನಂತೀನಿ. ಅವರನ್ನು ಇಳಿಸಿ ಪಾರ್ಕಿಂಗ್ ಹುಡುಕುತ್ತಾ ಅಲೆಯುವ ಕಷ್ಟ ತಪ್ಪುತ್ತದೆ.

ಐದು ದಿನ ದಾಟುತ್ತದೆ ಅಂತಾದರೆ ಬದಲಿ ಕಾರನ್ನು ಬಿಡಬೇಡಿ. ಕೊಡಲ್ಲ ಅಂದರೆ ಕೌಂಟರ್‌ನಲ್ಲಿ ಜಗಳ ಆಡಬೇಡಿ, ಅಲ್ಲಿರುವ ಹುಡುಗರ ಕೈಲಿ ಅದಿಲ್ಲ. ಜಾಬ್ ಕಾರ್ಡ್‌ನಲ್ಲಿ (ಕಾರು ಬಿಡುವಾಗ ಅವರು ಬರೆದುಕೊಡುವ ಸರ್ವಿಸ್ ಚೀಟಿ) ಕಾರು ಬಿಟ್ಟ ದಿನ, ತೊಂದರೆ ಏನು, ಯಾವತ್ತು ಕೊಡುತ್ತಾರೆ ಇಷ್ಟೂ ಬರೆಸಿ. ಅದರ ಫೋಟೋ ಹಚ್ಚಿ ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ. "ವಾರಂಟಿ ಕೆಲಸ, ಇಷ್ಟು ದಿನ ಗಾಡಿ ಇಲ್ಲ, ದಿನಕ್ಕೆ ಇಷ್ಟು ಖರ್ಚಾಗ್ತಿದೆ" ಅಂತ ಲೆಕ್ಕ ಕೊಟ್ಟು ಕೇಳಿ. ಬಾಯಲ್ಲಿ ಹೇಳಿದ್ದಕ್ಕಿಂತ ಬರೆದದ್ದಕ್ಕೆ ಬೇಗ ಉತ್ತರ ಬರುತ್ತದೆ. ಹೇಳಿದ ದಿನಗಳು ಮೀರುತ್ತಲೇ ಹೋದರೆ ಗ್ರಾಹಕರ ಸಹಾಯವಾಣಿ 1915 ಇದೆ. ಆ ಮೇಲ್‌ಗಳು ಆಗ ಕೆಲಸಕ್ಕೆ ಬರುತ್ತವೆ.

ವಾರಗಟ್ಟಲೆ ನಿಲ್ಲುವ ಕಾರಿನ ಬ್ಯಾಟರಿಯನ್ನು ಅರ್ಧದ ಆಸುಪಾಸಿನಲ್ಲಿ ಇಡಿ ಅಂತ ಹೇಳಿ ಬನ್ನಿ. ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿ ಮಾಡಿಯೋ ಬಹಳ ದಿನ ನಿಲ್ಲಿಸೋದು ಅದಕ್ಕೆ ಒಳ್ಳೆಯದಲ್ಲ.

ಭಾವ ಡೆಮೊ ಇವಿ ಕೇಳಿ ನೋಡಿದರು, ಇರಲಿಲ್ಲ. ಪೆಟ್ರೋಲ್ ಕಾರೇ ತಗೊಂಡರು. ವಿಡಿಯೋ ಮಾಡಿ ನನಗೂ ಕಳಿಸಿದರು, ಬಾನೆಟ್ ಮೇಲೆ ಅಕ್ಕನ ನೆರಳು ಬಿದ್ದಿದೆ. ಮೂರನೇ ದಿನ ರಾತ್ರಿ ಮತ್ತೆ ಫೋನ್. "ಬಂಕಿಗೋದೆ ಕಣೋ. ಪೆಟ್ರೋಲ್ ಮುಚ್ಚಳ ಯಾವ ಕಡೆ ಅದೆ ಅಂತ ಗೊತ್ತಾಗ್ದೆ ಎರಡು ಸುತ್ತು ಹೊಡೆದೆ. ಬಂಕಿನ ಹುಡ್ಗ ನಕ್ಕುಬುಟ್ಟ."

ಮೀಟರ್‌ನಲ್ಲಿ ಪಂಪಿನ ಚಿತ್ರದ ಪಕ್ಕ ಪುಟ್ಟ ಬಾಣ ಇರುತ್ತೆ ಭಾವ, ಅದು ತೋರಿಸೋ ಕಡೆ ಮುಚ್ಚಳ ಅಂದೆ. ತಾಳು ಅಂತ ಹೇಳಿ ಟಾರ್ಚ್ ಹಾಕಿಕೊಂಡು ನೋಡಲು ಹೋದರು.